ಇಪ್ಪತ್ತೇಳು ಬೀಳದ ಮಷೀನು

ಒಂದು ದಿರ್ಹಮ್ ನಾಣ್ಯ ಹಾಕಿ ಹಿಡಿಕೆಯನ್ನು ಬಲಕ್ಕೆ ಪೂರ್ತಿ ಒಂದು ಸುತ್ತು ತಿರುವಿದರೆ, ಒಳಗೆ ಗರಕ್ ಎಂದು ಸದ್ದಾಗಿ ಕೆಳಗಿನ ತಟ್ಟೆಗೆ ಒಂದು ಕಾರ್ಡು ಬೀಳುತ್ತಿತ್ತು. ಅದರ ಮೇಲೆ ಜಪಾನಿನ ಕಾರ್ಟೂನಿನ ಚಿತ್ರ. ಮುಖದ ಅರ್ಧದಷ್ಟು ಕಣ್ಣೇ ಇರುವ ಹುಡುಗ ಹುಡುಗಿಯರು, ಬೈತಲೆಗೆ ಜನ್ಮದಲ್ಲಿ ಬಗ್ಗದ ಕೂದಲು, ಮೂಲೆಯಲ್ಲಿ ಒಂದು ಅಂಕಿ. ಹಿಂಬದಿಗೆ ಜಪಾನಿ ಬರಹ. ಅದನ್ನು ಓದಬಲ್ಲವರು ನಾನು ಓಡಾಡುತ್ತಿದ್ದ ದಾರಿಯಲ್ಲಿ ಒಬ್ಬರೂ ಸಿಗಲಿಲ್ಲ. ಎರಡು ಸಾವಿರದ ಇಸವಿಯ ಆಚೀಚೆ ದುಬೈ, ಅಬುಧಾಬಿಯ ಮಕ್ಕಳಿಗೆ ಇವುಗಳ ಹುಚ್ಚು ಹತ್ತಿತ್ತು. ಸೂಪರ್ ಮಾರ್ಕೆಟ್ಟುಗಳ ಬಾಗಿಲಲ್ಲಿ, ಬಕಾಲ ಎನ್ನುವ ಚಿಲ್ಲರೆ ಅಂಗಡಿಗಳ ಮುಂದೆ, ಎದೆಮಟ್ಟದ ಕಬ್ಬಿಣದ ಪೆಟ್ಟಿಗೆಗಳು ನಿಂತಿರುತ್ತಿದ್ದವು. ಅವುಗಳ ಹೊಟ್ಟೆಗೆ ಕಾರ್ಡು ತುಂಬುವುದು ನನ್ನ ಕೆಲಸ.

ಊರಿಗೆ ಬರೆದ ಕಾಗದದಲ್ಲಿ ‘ಜಪಾನಿ ಯಂತ್ರಗಳ ಉಸ್ತುವಾರಿ’ ಎಂದು ಬರೆದಿದ್ದೆ. ಅದು ಸುಳ್ಳಲ್ಲ. ವೀಸಾದಲ್ಲಿ ಮಾತ್ರ ಸೇಲ್ಸ್‌ಮನ್ ಎಂದಿತ್ತು, ಅದೇ ಸುಳ್ಳು. ನಾನು ಆ ದೇಶದಲ್ಲಿ ಒಬ್ಬರಿಗೂ ಏನನ್ನೂ ಮಾರಲಿಲ್ಲ. ಮಾರುತ್ತಿದ್ದುದು ಮಷೀನು. ನಾನು ಅದರ ಅಡುಗೆಯವ.

ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನಲ್ಲಿ ನಮ್ಮ ಗೋಡೌನು. ಅದರ ಬೆನ್ನಿಗೇ ನಮ್ಮ ರೂಮು. ರೂಮಿನಲ್ಲಿ ನಾಲ್ಕು ಮಂಚ, ನಾಲ್ಕು ಭಾಷೆ. ಒಬ್ಬ ನೇಪಾಳಿ, ಒಬ್ಬ ಪೇಶಾವರದವ, ಒಬ್ಬ ಶ್ರೀಲಂಕಾದವ, ನಾನು. ನಾಲ್ವರೂ ಸೇರಿ ಆಡಬಹುದಾದ ಹಿಂದಿಯಲ್ಲಿ ಇದ್ದುದು ಐವತ್ತು ಪದ. ಅದರಲ್ಲಿ ಅರ್ಧ ತರಕಾರಿಯ ಹೆಸರು. ಯಾರಿಗಾದರೂ ಮನಸ್ಸಿಗೆ ಬೇಸರವಾದರೆ ‘ಪ್ಯಾಜ್ ಖಲಾಸ್’, ಈರುಳ್ಳಿ ಮುಗಿಯಿತು, ಎನ್ನುತ್ತ ಎದ್ದು ಅಂಗಡಿಗೆ ಹೋಗಬಹುದಿತ್ತು, ಅಷ್ಟೆ. ಗೋಡೌನಿನ ಮೇಲ್ವಿಚಾರಣೆ ಮಂಗಳೂರು ಕಡೆಯ ಒಬ್ಬ ಹಿರಿಯ ಬ್ಯಾರಿಯವರದು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಅವರು ಕನ್ನಡ ಆಡುತ್ತಿದ್ದರು, ಅದೂ ಪುಸ್ತಕದ ಅಂಚಿನಷ್ಟು ನೇರವಾದ ಕನ್ನಡ. ಆದರೆ ಅವರ ಕನ್ನಡ ಕೇಳಿದಾಗ ನನಗೆ ಪರಿಚಯದವರ ಮದುವೆಯಲ್ಲಿ ಕೂತ ಹಾಗಾಗುತ್ತಿತ್ತು. ಊಟ ಒಳ್ಳೆಯದೇ. ಮನೆ ನಮ್ಮದಲ್ಲ.

ಆಗ ನನಗೆ ಮೂವತ್ತೊಂದು. ಮದುವೆಯಾಗಿರಲಿಲ್ಲ. ಚಿಂತೆಗೆ ಮಾತ್ರ ಆಗಲೇ ನಾಲ್ಕು ಮಕ್ಕಳ ತಂದೆಯ ವಯಸ್ಸು. ವ್ಯಾನಿನ ಹಿಂಬಾಗಿಲು ಹಾಕಿ, ಎರಡು ಹೆಜ್ಜೆ ಹೋಗಿ, ತಿರುಗಿ ಬಂದು ಎಳೆದು ನೋಡುತ್ತಿದ್ದೆ. ಮತ್ತೆ ಎರಡು ಹೆಜ್ಜೆ. ಈಗ ಐವತ್ತು ದಾಟಿದೆ, ಸುಧಾರಿಸಿದ್ದೇನೆ. ಒಂದೇ ಸಲ ತಿರುಗಿ ಬರುತ್ತೇನೆ.

ಗುರುವಾರ ನನ್ನ ಪಾಲಿಗೆ ಪಶ್ಚಿಮದ ದಾರಿ. ಬೆಳಗಿನ ಬಾಂಗಿನ ಹೊತ್ತಿಗೆ ಹೊರಟರೆ ಅಬುಧಾಬಿ ದಾಟಿ, ತರೀಫ್ ದಾಟಿ, ಎಡಕ್ಕೆ ಮರಳು ಬಲಕ್ಕೆ ಸಮುದ್ರದ ಬಿಳಿ ಹೊಳಪು ನೋಡುತ್ತ, ದಾರಿಯ ಮಷೀನುಗಳನ್ನು ತುಂಬುತ್ತ, ಹನ್ನೊಂದರ ಸುಮಾರಿಗೆ ರುವೈಸ್. ತೈಲ ಶುದ್ಧಿ ಮಾಡುವವರ ಊರು ಅದು. ಕಂಪನಿಯ ಮನೆಗಳು, ಕಂಪನಿಯ ಶಾಲೆ, ಕಂಪನಿಯವರು ನೀರು ಹಾಕಿ ಸಾಕಿದ ಮರಗಳು. ಅಲ್ಲಿ ಮುಗಿಸಿ ಹಿಂದಿರುಗುವಾಗ ಒಳದಾರಿ ಹಿಡಿದು ಮದೀನತ್ ಜಾಯೆದ್‌ನ ಒಂದು ಮಷೀನು ತುಂಬಿ ವಾಪಸು.

ಮೊದಲ ಸಲ ರುವೈಸಿನ ಸೂಪರ್ ಮಾರ್ಕೆಟ್ಟಿನಲ್ಲಿ ಮಷೀನಿನ ಬಾಗಿಲು ತೆರೆದುಕೊಂಡು ನೆಲದ ಮೇಲೆ ಕೂತಿದ್ದೆ. ಸಮುದ್ರದ ತೇವಕ್ಕೆ ಕಾರ್ಡುಗಳು ಹಪ್ಪಳದಂತೆ ಡೊಂಕಾಗುತ್ತವೆ. ಒಂದು ಡೊಂಕಾದರೆ ಇಡೀ ಸಾಲು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಅದಕ್ಕೆಂದು ನನ್ನ ಬಳಿ ಒಂದು ಪೌಡರ್ ಡಬ್ಬಿ ಇರುತ್ತಿತ್ತು. ಕಾರ್ಡುಗಳ ಅಂಚಿಗೆ ಚೂರು ಸವರಿದರೆ ಜಾರುತ್ತಿದ್ದವು. ಅವತ್ತು ಪೌಡರಿಗೂ ಜಗ್ಗಲಿಲ್ಲ.

“ಎಷ್ಟ್ ಸತಾಯಿಸ್ತೀಲೇ, ಬಾಯಿ ಬಿಡು,” ಎಂದು ಅದಕ್ಕೆ ಹೇಳಿದೆ.

“ಅದಕ್ಕ ಗದಗಿನ ಕನ್ನಡ ತಿಳೀತದೇನ್ರೀ?” ಎಂದು ಬೆನ್ನ ಹಿಂದಿನಿಂದ ಹೆಣ್ಣುದನಿ ಬಂತು.

ತಿರುಗಿದರೆ ಟ್ರಾಲಿ ಹಿಡಿದು ನಿಂತ ಹೆಂಗಸು. ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಟ್ರಾಲಿಯ ಆ ಕಡೆಯಿಂದ ಎಂಟು ವರ್ಷದ ಹುಡುಗಿಯೊಬ್ಬಳು ಮಷೀನಿನ ಬಿಚ್ಚಿದ ಹೊಟ್ಟೆಯನ್ನು ಗುಡಿಯ ಗರ್ಭಗುಡಿಯಂತೆ ನೋಡುತ್ತಿದ್ದಳು.

“ಗದಗು ಅಂತ ಹ್ಯಾಂಗ ಗೊತ್ತಾತ್ರೀ?” ಎಂದೆ.

“ನನ್ನ ತವರುಮನಿ ಅಲ್ಲೇ. ನಮ್ಮಪ್ಪ ಸ್ಕೂಟರಿಗೆ ಹಿಂಗ ಬೈತಿದ್ದ.”

ಅವತ್ತೇ ಊಟಕ್ಕೆ ಕರೆದರು. ನಾನು ಬೇಡವೆಂದೆ, ಮೂರು ಸಲ. ಎರಡು ಸಲ ಮರ್ಯಾದೆಗೆ, ಒಂದು ಸಲ ನಿಜವಾದ ಹೆದರಿಕೆಗೆ: ಕಾಲುಚೀಲದ ಹೆಬ್ಬೆರಳಲ್ಲಿ ತೂತಿತ್ತು.

ಅವರ ಯಜಮಾನರು ಹುಬ್ಬಳ್ಳಿಯವರು, ರಿಫೈನರಿಯಲ್ಲಿ ಎಂಜಿನಿಯರು. ಆಗ ಗುರುವಾರ ಶುಕ್ರವಾರ ರಜೆ. ಹಾಗಾಗಿ ಮನೆಯಲ್ಲೇ ಇರುತ್ತಿದ್ದರು. ಊಟ ಅಡುಗೆಮನೆಯಲ್ಲೇ. ಹಾಲ್‌ನಲ್ಲಿ ಆರು ಕುರ್ಚಿಯ ಮೇಜಿತ್ತು. ಅದರ ಮೇಲೆ ಇಸ್ತ್ರಿಗೆ ಕಾಯುವ ಬಟ್ಟೆ. ನಾವು ಉಣ್ಣುತ್ತಿದ್ದುದು ಒಲೆಯ ಪಕ್ಕದ ಚಿಕ್ಕ ಟೇಬಲ್ಲಿನಲ್ಲಿ, ಒಬ್ಬರ ಮೊಣಕೈ ಇನ್ನೊಬ್ಬರ ತಾಟಿಗೆ ತಾಗುವ ಹಾಗೆ. ಊರಿನಿಂದ ಸೂಟ್‌ಕೇಸಿನಲ್ಲಿ ಬಂದ ಜೋಳದ ಹಿಟ್ಟು, ಬಿಸಿ ರೊಟ್ಟಿ, ಜುಣಕ, ಗುರೆಳ್ಳು ಚಟ್ನಿ. ರೊಟ್ಟಿ ಬಡಿಯುವ ಸದ್ದು ಕೇಳಿ ಒಂದೂವರೆ ವರ್ಷವಾಗಿತ್ತು. ಮೊದಲ ತುತ್ತಿಗೆ ಕಣ್ಣಲ್ಲಿ ನೀರು ಬಂತು; ಚಟ್ನಿ ಖಾರ ಎಂದೆ. ಅವರು ಮೊಸರು ಹಾಕಿದರು. ಎರಡನೆಯ ತುತ್ತಿಗೂ ಬಂತು. ಇನ್ನಷ್ಟು ಮೊಸರು ಹಾಕಿದರು.

“ಮುಂದಿನ್ ಗುರುವಾರ ನಿಮಗ ಖಾರ ಕಡಿಮಿ ಮಾಡ್ತೀನಿ,” ಎಂದರು.

ಮುಂದಿನ ಗುರುವಾರ. ಅದನ್ನು ಅವರು ಎಷ್ಟು ಸಲೀಸಾಗಿ ಹೇಳಿದರೆಂದರೆ, ದುಬೈ ತಲುಪುವವರೆಗೆ ನಾನು ಅದು ಕರೆಯೋ ಬರಿಯ ಮಾತೋ ಎಂದು ತೂಗುತ್ತಿದ್ದೆ.

ಹೇಗೋ ಒಂದು ರೂಢಿ ಬಿತ್ತು. ಗುರುವಾರ ಹನ್ನೊಂದಕ್ಕೆ ಹುಡುಗಿ ಮಷೀನಿನ ಹತ್ತಿರ ನಿಂತಿರುತ್ತಿದ್ದಳು. ನಾನು ತುಂಬಿ ಮುಗಿಸುತ್ತಿದ್ದೆ, ಅವಳು ವಾರವಿಡೀ ಕೂಡಿಟ್ಟ ನಾಣ್ಯಗಳನ್ನು ಹಾಕುತ್ತಿದ್ದಳು, ಆಮೇಲೆ ನನ್ನನ್ನು ಕರೆದುಕೊಂಡು ಮನೆಗೆ ಹೋಗುತ್ತಿದ್ದಳು. ಅಡ್ಡರಸ್ತೆ ದಾಟಿದರೆ ಮನೆ. ಎರಡನೆಯ ತಿಂಗಳಿಗೆ ಅವಳಮ್ಮ ನನಗೆ ಅಕ್ಕ ಆಗಿದ್ದರು, ನನ್ನನ್ನು ‘ತಮ್ಮಾ’ ಎನ್ನತೊಡಗಿದ್ದರು. ಉಪ್ಪಿನಕಾಯಿ ಭರಣಿ ತೆರೆಯದಿದ್ದರೆ ನನ್ನ ಕೈಗೆ ಕೊಡುತ್ತಿದ್ದರು. ಗೋಡೌನಿನಲ್ಲಿ ಕಾಕಾ ನನ್ನನ್ನು ಮೇಲಿಂದ ಕೆಳಗೆ ನೋಡುತ್ತಿದ್ದರು.

“ಎಂತ ಮಾರಾಯ, ಹೆಣ್ಣು ನೋಡ್ಲಿಕ್ಕೆ ಹೊರಟದ್ದಾ? ಗುರುವಾರ ಬಂದ್ರೆ ನಿನ್ನ ಅಂಗಿಗೆ ಇಸ್ತ್ರಿ.”

“ಊಟಕ್ಕ ಹೊಂಟೀನಿ ಕಾಕಾ.”

“ಮುನ್ನೂರೈವತ್ತು ಕಿಲೋಮೀಟರು ಊಟಕ್ಕಾ? ಇಲ್ಲಿ ಮೀನು ಸಾರು ಕೊಟ್ರೆ ಮೂಗು ಮುರೀತಿ.”

ಊಟದ ನಂತರ ಹುಡುಗಿ ತನ್ನ ಆಲ್ಬಮ್ ತರುತ್ತಿದ್ದಳು. ಆ ಕಾರ್ಟೂನು ಅಲ್ಲಿನ ಟೀವಿಯಲ್ಲಿ ಬಂದೇ ಇರಲಿಲ್ಲ. ಕಥೆ ಯಾರಿಗೂ ಗೊತ್ತಿಲ್ಲ. ಹಾಗಾಗಿ ಮಕ್ಕಳೆಲ್ಲ ಅಂಕಿಯ ಪ್ರಕಾರ ಕಾರ್ಡು ಜೋಡಿಸಿ ಅವರವರ ಕಥೆ ಅವರೇ ಕಟ್ಟಿಕೊಳ್ಳುತ್ತಿದ್ದರು. ಇವಳದು ಎಲ್ಲರಿಗಿಂತ ಉದ್ದ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಹೇಳುವಳು. ನನ್ನ ಇಂಗ್ಲಿಷು ಅವಳ ವೇಗಕ್ಕೆ ಓಡಲಾರದೆ ಹಿಂದುಳಿದರೆ, ಕಾರ್ಡಿನ ಮೇಲೆ ಬೆರಳಿಟ್ಟು ನಿಲ್ಲುವಳು. ನನಗಾಗಿ ಯಾರಾದರೂ ಹಾಗೆ ಕಾದು ನಿಂತದ್ದು ಆ ದೇಶದಲ್ಲಿ ಅದೊಂದೇ.

ಆ ಸರಣಿ ಮೂವತ್ತಾರು ಕಾರ್ಡಿನದು. ಒಂದು ಗುರುವಾರ ಅವಳ ಕೈಗೆ ಕೊನೆಯದೂ ಬಿತ್ತು. ಸೂಪರ್ ಮಾರ್ಕೆಟ್ಟಿನ ತುಂಬ ಕುಣಿದಳು. ಮನೆಯಲ್ಲಿ ಅಕ್ಕ, “ಮುಗೀತಲ್ಲವಾ, ಇನ್ನ ಆ ಮಷೀನ್ ಕಾಟಾ ತಪ್ತು,” ಎಂದು ನಕ್ಕರು. ನಾನೂ ನಕ್ಕೆ.

ಮುಂದಿನ ಗುರುವಾರ ಹುಡುಗಿ ಬರಲಿಲ್ಲ. ಅದರ ಮುಂದಿನದೂ ಬರಲಿಲ್ಲ. ಮೂರನೆಯದಕ್ಕೆ ನಾನು ತುಂಬಿದ ಕಾರ್ಡುಗಳನ್ನೇ ಮತ್ತೆ ಹೊರತೆಗೆದು, ಪೌಡರು ಹಾಕಿ, ಮತ್ತೆ ತುಂಬಿ, ಒಂದು ಗಂಟೆ ಕಳೆದೆ. ಮನೆ ಎದುರಿಗೇ ಕಾಣುತ್ತಿತ್ತು. ಹೋಗಿ ಬೆಲ್ ಒತ್ತಬಹುದಿತ್ತು. ಆದರೆ ಒತ್ತಿ ಏನೆನ್ನುವುದು? ‘ಊಟಕ್ಕೆ ಬಂದೆ’ ಎನ್ನುವುದೇ? ಕರೆಯದೆ ಊಟದ ಹೊತ್ತಿಗೆ ಹೋದವನ ಬಗ್ಗೆ ನಮ್ಮ ಕಡೆ ಏನೆನ್ನುತ್ತಾರೆಂದು ನನಗೆ ಗೊತ್ತಿತ್ತು. ಅಂಥವರ ಬಗ್ಗೆ ನಾನೇ ಅಂದಿದ್ದೆ. ವ್ಯಾನಿನಲ್ಲಿ ಕೂತು ಅಂಗಡಿಯ ಖುಬ್ಬೂಸ್ ಬ್ರೆಡ್ಡು, ಕ್ಯಾನಿನ ಕಡಲೆ ತಿಂದೆ. ಲೆಕ್ಕ ಸರಳವಿತ್ತು: ಕಾರ್ಡು ಮುಗಿಯಿತು, ಹುಡುಗಿಗೆ ಮಷೀನು ಬೇಡ, ಮಷೀನು ಬೇಡವಾದರೆ ಮಷೀನಿನವ ಬೇಡ.

ನಾಲ್ಕನೆಯ ವಾರ ಹೊಸ ಸರಣಿ ಬಂತು. ಇದರಲ್ಲಿ ನೀಲಿ ಕೂದಲಿನ ಒಬ್ಬ ಹುಡುಗಿ, ಒಂದು ಹಡಗು, ಕೋಪದ ಮುಖದ ಒಬ್ಬ ಹುಡುಗ. ಇದೂ ಮೂವತ್ತಾರು. ರುವೈಸಿನ ಸೂಪರ್ ಮಾರ್ಕೆಟ್ಟಿನ ಹೊರಗೆ ವ್ಯಾನಿನಲ್ಲಿ ಕೂತು, ರೂಢಿಯಂತೆ ನೂರರ ಪ್ಯಾಕೆಟ್ಟು ಒಡೆದು ಕಲಸಲು ಶುರುಮಾಡಿದೆ. ಕಲಸಿಯೇ ತುಂಬಬೇಕೆಂದು ಕಾಕಾನ ಕಟ್ಟಪ್ಪಣೆ. ಇಲ್ಲದಿದ್ದರೆ ಮಕ್ಕಳು ಸಾಲು ಪತ್ತೆಮಾಡುತ್ತಾರೆ. ಕಲಸುತ್ತಿದ್ದ ಕೈ ಒಂದು ಕಾರ್ಡಿನ ಮೇಲೆ ನಿಂತಿತು. ಇಪ್ಪತ್ತೇಳು. ವಿಶೇಷವೇನೂ ಇಲ್ಲ. ನೀಲಿ ಕೂದಲಿನ ಹುಡುಗಿ ಒಂದು ಬೆಂಚಿನ ಮೇಲೆ ಕೂತು ಡಬ್ಬಿಯಿಂದ ಏನೋ ತಿನ್ನುತ್ತಿದ್ದಾಳೆ. ಸುತ್ತ ಯಾರೂ ಇಲ್ಲ. ಅದನ್ನು ತೆಗೆದು ಪಕ್ಕಕ್ಕಿಟ್ಟೆ. ಆಮೇಲೆ ಇಡೀ ಪ್ಯಾಕೆಟ್ಟು ಜಾಲಾಡಿ ಇನ್ನೆರಡು ಇಪ್ಪತ್ತೇಳು ಹುಡುಕಿ ತೆಗೆದೆ. ಮೂವತ್ತೊಂದು ವರ್ಷದ ಗಂಡಸು, ಎಂಟು ವರ್ಷದವಳಿಂದ ಒಂದು ಚಿತ್ರ ಬಚ್ಚಿಟ್ಟೆ.

ಒಂದು ಕಾರ್ಡು ಬೀಳದಿದ್ದರೆ ಸರಣಿ ಮುಗಿಯುವುದಿಲ್ಲ. ಸರಣಿ ಮುಗಿಯದಿದ್ದರೆ ಗುರುವಾರ ಮುಗಿಯುವುದಿಲ್ಲ. ಇಷ್ಟೇ ನನ್ನ ಯೋಜನೆ.

ಅವತ್ತು ಹುಡುಗಿ ಬಂದಳು. “ಅಂಕಲ್, ನ್ಯೂ ಸೀರೀಸ್?” ಎಂದಳು. ಊಟಕ್ಕೆ ಹೋದೆವು. ನನ್ನ ಲೆಕ್ಕ ಸರಿಯೆಂದು ಅದರಿಂದ ನನಗೆ ಸಾಬೀತಾಯಿತು.

ತೆಗೆದ ಇಪ್ಪತ್ತೇಳುಗಳನ್ನು ಎಸೆಯುವ ಹಾಗಿರಲಿಲ್ಲ. ಮಷೀನಿನಲ್ಲೊಂದು ಮೀಟರಿತ್ತು; ಎಷ್ಟು ಕಾರ್ಡು ಕೊಂಡೊಯ್ದೆ, ಎಷ್ಟು ಬಿದ್ದಿವೆ ಎಂಬುದು ತಾಳೆಯಾಗಬೇಕು. ಆದ್ದರಿಂದ ಹಿಂದಿರುಗುವಾಗ ಅವನ್ನೆಲ್ಲ ಮದೀನತ್ ಜಾಯೆದ್‌ನ ಮಷೀನಿಗೆ ಸುರಿದು, ಬದಲಿಗೆ ಅಲ್ಲಿನ ಪಾಲಿನ ಬೇರೆ ಕಾರ್ಡುಗಳನ್ನು ಮುಂದಿನ ವಾರ ರುವೈಸಿಗೆ ಇಡುತ್ತಿದ್ದೆ. ಅಲ್ಲಿ ಮಕ್ಕಳು ಕಡಿಮೆ, ಮಷೀನು ನಿಧಾನ. ಅವು ಬೀಳುವಷ್ಟರಲ್ಲಿ ವರ್ಷ ಕಳೆದೀತು ಎಂದುಕೊಂಡೆ. ಅವನ್ನು ಕಲಸಲೂ ಇಲ್ಲ. ಕಳ್ಳತನ ಮಾಡುವಾಗ ಕೈ ಅವಸರದಲ್ಲಿರುತ್ತದೆ; ಎಲ್ಲದಕ್ಕೂ ಎರಡು ಸಲ ತಿರುಗಿ ನೋಡುವ ನಾನು ಅದೊಂದಕ್ಕೆ ನೋಡಲಿಲ್ಲ.

ನಾಲ್ಕು ತಿಂಗಳು ಹೀಗೆ ನಡೆಯಿತು. ರುವೈಸಿನ ಮಕ್ಕಳಲ್ಲಿ ಇಪ್ಪತ್ತೇಳರ ಬಗ್ಗೆ ಒಂದು ಪುರಾಣವೇ ಹುಟ್ಟಿತು. ಜಪಾನಿನವರು ಅದನ್ನು ಅಚ್ಚು ಹಾಕಲೇ ಇಲ್ಲ ಎಂದು ಕೆಲವರು. ಅದನ್ನು ಬರೆಯುವಾಗ ಚಿತ್ರಕಾರ ಸತ್ತುಹೋದ ಎಂದು ಕೆಲವರು. ಶಾರ್ಜಾದ ತನ್ನ ಚಿಕ್ಕಪ್ಪನ ಮಗನ ಹತ್ತಿರ ಇದೆ ಎಂದ ಒಬ್ಬನನ್ನು ಸುಳ್ಳನೆಂದು ಆಟದಿಂದ ಹೊರಗೆ ಹಾಕಿದರು. ನಮ್ಮ ಹುಡುಗಿಗೆ ಮೂವತ್ತೈದೂ ಸಿಕ್ಕಿದ್ದವು. ಅವಳ ಕಥೆ ಇಪ್ಪತ್ತಾರರಲ್ಲಿ ಬಂದು ನಿಲ್ಲುತ್ತಿತ್ತು: ಅದರಲ್ಲಿ ನೀಲಿ ಕೂದಲಿನವಳು ಕೋಪದ ಹುಡುಗನ ಜೊತೆ ಜಗಳವಾಡಿ ಮನೆ ಬಿಟ್ಟು ಹೊರಟಿದ್ದಾಳೆ. ಇಪ್ಪತ್ತೆಂಟರಲ್ಲಿ ಒಬ್ಬಳೇ ಹಡಗಿನ ಮೇಲಿದ್ದಾಳೆ, ಗಾಳಿಗೆ ಮುಖ ಕೊಟ್ಟು ನಗುತ್ತ. ನಡುವೆ ಏನಾಯಿತು? ಪ್ರತಿ ಗುರುವಾರ ಅವಳು ಹೊಸದೊಂದು ಹೇಳುವಳು. ಒಂದು ವಾರ ನೀಲಿ ಕೂದಲಿನವಳಿಗೆ ನಕಾಶೆ ಸಿಕ್ಕಿತು. ಇನ್ನೊಂದು ವಾರ ಹಕ್ಕಿಯೊಂದು ಬಂದು ಗುಟ್ಟು ಹೇಳಿತು. ಒಮ್ಮೆ ಅವಳಮ್ಮ ಓಡಿ ಬಂದು ಚೀಲ ಕೊಟ್ಟಳು.

“ವಾಟ್ ಡು ಯೂ ಥಿಂಕ್, ಅಂಕಲ್?” ಎನ್ನುವಳು.

“ಚೀಲದ್ದ ಛಲೋ ಐತಿ,” ಎನ್ನುತ್ತಿದ್ದೆ. ನನಗೆ ಉತ್ತರ ಗೊತ್ತಿತ್ತು. ಮಜ್ಜಿಗೆ ಕುಡಿದು, ತಲೆಯಾಡಿಸಿ, ಉತ್ತರ ಗೊತ್ತಿದ್ದೂ ಕೇಳುತ್ತಿದ್ದೆ. ಇದನ್ನು ಬರೆಯುವಾಗ ಕಾರ್ಡು ಬಚ್ಚಿಟ್ಟದ್ದಕ್ಕಿಂತ ಆ ತಲೆಯಾಡಿಸುವಿಕೆಯೇ ಹೆಚ್ಚು ಚುಚ್ಚುತ್ತದೆ.

ಐದನೆಯ ತಿಂಗಳ ಒಂದು ಗುರುವಾರ ಮಷೀನಿನ ಬಳಿ ಹುಡುಗಿ ಇರಲಿಲ್ಲ. ಅವಳಪ್ಪ ನಿಂತಿದ್ದರು. “ಬರ್ರಿ, ಊಟಾ ತಯಾರದ. ನಿಮ್ ಕೂಡ ಸ್ವಲ್ಪ ಮಾತಾಡೂದದ,” ಎಂದರು. ಅಡ್ಡರಸ್ತೆ ದಾಟುವಷ್ಟರಲ್ಲಿ ನನ್ನ ವೀಸಾ ರದ್ದಾಗಿ, ವಿಮಾನ ಹತ್ತಿಸಿ, ಗದಗಿನ ಸ್ಟೇಷನ್ನಿನಲ್ಲಿ ಇಳಿದಾಗಿತ್ತು.

ಅಡುಗೆಮನೆಯ ಟೇಬಲ್ಲಿನ ಮೇಲೆ ಆರು ಕಾರ್ಡು ಸಾಲಾಗಿ ಇಟ್ಟಿದ್ದರು. ಆರೂ ಇಪ್ಪತ್ತೇಳು. ಹುಡುಗಿ ಅವುಗಳ ಮುಂದೆ ಕೈಕಟ್ಟಿ ಕೂತಿದ್ದಳು.

“ಮೊನ್ನೆ ಮದೀನತ್ ಜಾಯೆದ್‌ಗೆ ಹೋಗಿದ್ವಿ,” ಎಂದರು ಎಂಜಿನಿಯರು. “ಅಲ್ಲಿ ನಮ್ಮ ಕಡೆ ಡಾಕ್ಟರೊಬ್ಬರು ಅದಾರ, ಅವರ ಮನಿಗೆ. ಇಕೀ ಅಲ್ಲಿ ಬಕಾಲಾಕ್ಕ ಹೋಗಿ ನಾಣ್ಯಾ ಹಾಕ್ಯಾಳ. ಆರ್ ಸಲಾ. ಆರ್ ಸಲಾನೂ ಇದ ಬಂದದ. ಬಕಾಲದವ ಏನಂದ ಗೊತ್ತೇನು? ಎರಡ್ ವಾರದಿಂದ ಹುಡುಗ್ರು ಅಳಾಕತ್ತಾರಂತ, ಬರೇ ಇದ ಬರ್ತದಂತ.”

ನಾನು ನೀರು ಕುಡಿದೆ.

ಅವರು ರಸೀದಿಯೊಂದರ ಬೆನ್ನಿಗೆ ಪೆನ್ನಿನಿಂದ ಎರಡು ಪೆಟ್ಟಿಗೆ ಬರೆದರು. ಒಂದರ ಮೇಲೆ ರು, ಇನ್ನೊಂದರ ಮೇಲೆ ಮ. “ನೂರಕ್ಕ ಎರಡೋ ಮೂರೋ ಬರಬೇಕು. ಇಲ್ಲಿ ನಾಕ್ ತಿಂಗಳಾತು, ಒಂದೂ ಇಲ್ಲ. ಅಲ್ಲಿ ಸಾಲಾಗಿ ಆರು. ಇದು ಆಕಸ್ಮಿಕ ಆಗೂದು ಶಕ್ಯ ಇಲ್ಲ. ಪ್ಲಾಂಟಿನ್ಯಾಗ ಹಿಂಗಾದ್ರ ನಾವು ಲೈನ್ ನಿಂದ್ರಸ್ತೀವಿ. ನಿಮ್ಮ ಗೋಡೌನಿನ್ಯಾಗ ಯಾರೋ ಕಲಸಲಾರದ ಪ್ಯಾಕ್ ಮಾಡಾಕತ್ತಾರ. ಅಲ್ಲಿ ಇನ್‌ಚಾರ್ಜ್ ಯಾರು?”

“ಒಬ್ಬರು ಹಿರೇರು ಅದಾರ್ರೀ. ಮಂಗಳೂರ ಕಡೇವ್ರು.”

“ಅವರ ಹೆಸರ್ ಹೇಳ್ರಿ. ನಿಮ್ ಕಂಪನಿಗೆ ಒಂದ್ ಲೆಟರ್ ಹಾಕ್ತೀನಿ. ನಿಮ್ ಹೆಸರು ಬರಂಗಿಲ್ಲ, ಹೆದರಬ್ಯಾಡ್ರಿ.”

ಅವರು ನನ್ನನ್ನು ಉಳಿಸುತ್ತಿದ್ದರು. ಸುಮ್ಮನಿದ್ದರೆ ಸಾಕಿತ್ತು. ಕಾಕಾನಿಗೆ ಒಂದು ಕಾಗದ ಹೋಗುತ್ತದೆ, ಅವರು ಹನ್ನೆರಡು ಭಾಷೆಯಲ್ಲಿ ಬೈಯುತ್ತಾರೆ, ಮೇಲಿನವರು ಅವರನ್ನು ಕರೆದು ಎರಡು ಮಾತು ಅನ್ನುತ್ತಾರೆ. ಬೆನ್ನು ಬಾಗಿಸಿ ಪ್ಯಾಕೆಟ್ಟು ಎಣಿಸುತ್ತ ಇಪ್ಪತ್ತು ವರ್ಷ ಕಳೆದವರು. ನನ್ನ ಗುರುವಾರ ಉಳಿಯುತ್ತದೆ. ತವೆಯ ಮೇಲೆ ರೊಟ್ಟಿ ಉಬ್ಬುತ್ತಿತ್ತು. ಅಕ್ಕ ಅದನ್ನು ಬಟ್ಟೆಯಿಂದ ಒತ್ತುತ್ತ ನನ್ನ ಕಡೆ ನೋಡದೆ, “ಉಣ್ರಿ ಮದ್ಲ, ಆಮ್ಯಾಲ ಲೆಟರು,” ಎಂದರು.

“ಕಾಕಾಂದು ತಪ್ಪಿಲ್ರೀ,” ಎಂದೆ. “ನಾನ ತಗದಿದ್ದು.”

“ಏನು ತಗದಿದ್ದು?”

“ಇಪ್ಪತ್ತೇಳು. ಇಲ್ಲಿ ತಗದು ಅಲ್ಲಿ ಹಾಕ್ತಿದ್ದೆ.”

“ಯಾಕ?” ಎಂದರು ಎಂಜಿನಿಯರು. ಅವರಿಗೆ ನಿಜಕ್ಕೂ ತಿಳಿಯಲಿಲ್ಲ. ಪೆನ್ನು ಎತ್ತಿ ಹಿಡಿದು, ನನ್ನ ಉತ್ತರವನ್ನೂ ಆ ಪೆಟ್ಟಿಗೆಗಳ ಕೆಳಗೆ ಬರೆದುಕೊಳ್ಳುವವರ ಹಾಗೆ ಕಾದರು.

ನಾನು ಹೇಳಿದೆ. ಕೆಟ್ಟದಾಗಿ ಹೇಳಿದೆ, ತುದಿಯಿಂದ ಬುಡಕ್ಕೆ. ಸರಣಿ ಮುಗಿದರೆ ಇವಳು ಮಷೀನಿಗೆ ಬರುವುದಿಲ್ಲ ಎಂದೆ. ಬರದಿದ್ದರೆ ನನ್ನನ್ನು ಕರೆಯುವವರಿಲ್ಲ ಎಂದೆ. ಹೋದ ಸಲ ಮುಗಿದಾಗ ಮೂರು ವಾರ ಯಾರೂ ಬರಲಿಲ್ಲವಲ್ಲ ಎಂದೆ. ರೊಟ್ಟಿಯ ವಿಷಯ ಎತ್ತಬಾರದು ಎಂದುಕೊಂಡಿದ್ದೆ. ಅದೂ ಬಾಯಿಂದ ಬಂತು.

ಮೊದಲು ಮಾತಾಡಿದವಳು ಹುಡುಗಿ. “ಐ ಟೋಲ್ಡ್ ಯೂ ದ ಸ್ಟೋರಿ ಎವ್ರಿ ವೀಕ್,” ಎಂದಳು. “ಆಂಡ್ ಯೂ ನ್ಯೂ?”

ನನ್ನ ಇಂಗ್ಲಿಷಿಗೆ ಅಷ್ಟು ಅರ್ಥವಾಯಿತು. ಅವಳು ಈ ಸಲ ಬೆರಳಿಟ್ಟು ಕಾಯಲಿಲ್ಲ. ಎದ್ದು ತನ್ನ ಕೋಣೆಗೆ ಹೋದಳು. ಆರೂ ಕಾರ್ಡು ಅಲ್ಲೇ ಬಿಟ್ಟಳು.

ಅಕ್ಕ ಒಲೆ ಆರಿಸಿದರು. “ಆ ಮೂರ್ ವಾರಾ ನಾ ಬೆನ್ನ ಹಿಡಕೊಂಡು ಹಾಸಿಗ್ಯಾಗ ಇದ್ದೆ,” ಎಂದರು. “ಇಕೀದು ಪರೀಕ್ಷಾ ನಡದಿದ್ವು. ಇವರು ಬ್ರೆಡ್ ತಂದು ಹಾಕ್ತಿದ್ರು. ಒಂದ್ ಸಲಾ ಬೆಲ್ ಒತ್ತಿದ್ರ ತಿಳೀತಿತ್ತಲ್ಲಾ.”

“ಕರೀಲಾರದ ಹ್ಯಾಂಗ ಬರೂದು ಅಂತ...”

“ಹಂಗಾರ ನಾ ಇಷ್ಟ್ ದಿನಾ ಚೀಟಿ ನೋಡಿ ಊಟಕ್ಕ ಹಾಕ್ದಂಗಾತು. ಮೆಸ್ಸಿನ್ಯಾಗ ಹಾಕ್ತಾರಲ್ಲ, ಹಂಗ.”

ಬೈದಿದ್ದರೆ ಚೆನ್ನಾಗಿತ್ತು. ಅವರು ತಾಟಿಗೆ ರೊಟ್ಟಿ ಹಾಕಿದರು, ಪಲ್ಯ ಹಾಕಿದರು, ಉಪ್ಪು ಬೇಕೇ ಎಂದು ಕೇಳಿದರು. ಎಂಜಿನಿಯರು ರಸೀದಿಯನ್ನು ನಾಲ್ಕು ಮಡಿಕೆ ಮಡಚಿ ಜೇಬಿಗಿಟ್ಟುಕೊಂಡು, ಅಬುಧಾಬಿ ರಸ್ತೆಯ ರಿಪೇರಿಯ ಬಗ್ಗೆ ಮಾತಾಡಿದರು. ನಾನು ಉಂಡೆ. ಅದು ಇನ್ನೂ ಆಶ್ಚರ್ಯ: ಹೊಟ್ಟೆ ತುಂಬ ಉಂಡೆ.

ದುಬೈಗೆ ಬಂದು ಕಾಕಾನಿಗೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

“ಮೀನು ಸಾರು ತಿನ್ನದವನ ಬುದ್ಧಿ ಹೀಗೇ ಆಗುದು,” ಎಂದರು. ಮದೀನತ್ ಜಾಯೆದ್‌ನ ಮಷೀನು ಬರಿದು ಮಾಡಿ ಹೊಸದಾಗಿ ಕಲಸಿ ತುಂಬುವಂತೆ ಹೇಳಿ, ಮೇಲಿನವರಿಗೆ ತೇವಕ್ಕೆ ಕಾರ್ಡು ಅಂಟಿತ್ತೆಂದು ಬರೆದರು.

ಮುಂದಿನ ಗುರುವಾರ ರುವೈಸಿನ ಮಷೀನಿಗೆ ಎಲ್ಲ ಅಂಕಿಗಳನ್ನೂ ಹಾಕಿ, ಹತ್ತು ನಿಮಿಷದಲ್ಲಿ ಮುಗಿಸಿ ಓಡಿದೆ. ಅದರ ಮುಂದಿನದೂ ಹಾಗೆಯೇ. ಬೆಲ್ ಒತ್ತಬೇಕೆಂದು ಈಗ ಅಪ್ಪಣೆಯೇ ಆಗಿತ್ತು ಎಂದು ಒಂದು ಮನಸ್ಸು. ಅದು ಅಪ್ಪಣೆಯಲ್ಲ, ದೂರು ಎಂದು ಇನ್ನೊಂದು. ಮೂರನೆಯ ಗುರುವಾರ ಕ್ಯಾಷ್ ಕೌಂಟರಿನ ಹುಡುಗಿ ನನ್ನನ್ನು ಕರೆದು ಒಂದು ಸ್ಟೀಲ್ ಡಬ್ಬಿ ಕೊಟ್ಟಳು. “ಮೇಡಮ್ ಗಿವ್,” ಎಂದಳು. ರೊಟ್ಟಿ, ಜುಣಕ, ಚಟ್ನಿ. ವ್ಯಾನಿನಲ್ಲಿ ಕೂತು ತಿಂದೆ, ಎ.ಸಿ. ಹಾಕಿಕೊಂಡು, ಎದುರಿಗೆ ಅವರ ಮನೆಯ ಬಾಗಿಲನ್ನೇ ನೋಡುತ್ತ. ರೊಟ್ಟಿ ತಣ್ಣಗಾಗಿತ್ತು.

ಊರಿನ ಕಡೆಯವರು ಕೊಟ್ಟ ಡಬ್ಬಿಯನ್ನು ಬರಿದಾಗಿ ವಾಪಸು ಕೊಡಬಾರದು. ನಮ್ಮ ಕಡೆ ಅಷ್ಟಾದರೂ ಇದೆ. ಬೇರೇನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆ. ವಾರವಿಡೀ ಅದರಲ್ಲಿ ಏನು ಹಾಕುವುದೆಂಬ ಚಿಂತೆಯಲ್ಲೇ ಕಳೆದೆ. ಕಾರ್ಡು ಹಾಕಿದರೆ ಲಂಚದಂತೆ ಕಾಣುತ್ತದೆ. ಕೊನೆಗೆ ಅಬುಧಾಬಿಯಲ್ಲಿ ವ್ಯಾನು ನಿಲ್ಲಿಸಿ ಒಳ್ಳೆಯ ಖರ್ಜೂರ ಕೊಂಡು ತುಂಬಿದೆ. ಗುರುವಾರ ಮಷೀನಿನ ಕೆಲಸ ಮುಗಿಸಿ, ಅಡ್ಡರಸ್ತೆ ದಾಟಿ, ಯಾರೂ ಕರೆಯದೆ ಮೊಟ್ಟಮೊದಲ ಸಲ ಆ ಬೆಲ್ ಒತ್ತಿದೆ. ಊಟಕ್ಕೆ ಬಂದನೆಂದು ತಿಳಿಯಬಾರದೆಂದು ಬೇಕೆಂದೇ ಮೂರು ಗಂಟೆಗೆ ಹೋಗಿದ್ದೆ.

ಅಕ್ಕ ಬಾಗಿಲು ತೆರೆದರು. ಮುಖದಲ್ಲಿ ಸಂತೋಷವೇ ಇತ್ತು, ಅದರಲ್ಲಿ ಅನುಮಾನವಿಲ್ಲ. “ಬರ್ರಿ ಬರ್ರಿ, ಕೂಡ್ರಿ,” ಎಂದು ಹಾಲ್‌ಗೆ ಕರೆದರು. ನಾನು ಅಭ್ಯಾಸಬಲದಿಂದ ಅಡುಗೆಮನೆಯ ಕಡೆ ಎರಡು ಹೆಜ್ಜೆ ಇಟ್ಟಿದ್ದೆ. “ಅಲ್ಲಲ್ಲ, ಇಲ್ಲೇ ಆರಾಮ ಕೂಡ್ರಿ,” ಎಂದು ಸೋಫಾ ತೋರಿಸಿದರು. ಆರು ಕುರ್ಚಿಯ ಮೇಜಿನ ಮೇಲೆ ಬಟ್ಟೆ ಇರಲಿಲ್ಲ. ಎಂಜಿನಿಯರು ಪೇಪರು ಮಡಚಿಟ್ಟು ನನ್ನ ಎದುರು ಕೂತು ಆರೋಗ್ಯ ಕೇಳಿದರು. ಸ್ವಲ್ಪ ಹೊತ್ತಿಗೆ ಟ್ರೇ ಬಂತು: ಚಿನ್ನದ ಗೆರೆಯ ಕಪ್ಪು-ಬಸಿ, ತಟ್ಟೆಯಲ್ಲಿ ನಾಲ್ಕು ಬಿಸ್ಕತ್ತು, ಮಡಚಿದ ಪೇಪರ್ ಕರವಸ್ತ್ರ. ಅಷ್ಟು ತಿಂಗಳು ಆ ಮನೆಯಲ್ಲಿ ಉಂಡವನು, ಆ ಕಪ್ಪು ಎಲ್ಲಿಡುತ್ತಾರೆಂದು ನನಗೆ ಗೊತ್ತಿತ್ತು. ಶೋಕೇಸಿನ ಮೇಲಿನ ಅರೆಯಲ್ಲಿ, ಹೊರಗಿನವರು ಬಂದರೆ ಬೇಕೆಂದು.

ಹುಡುಗಿಯನ್ನು ಕರೆದರು. ಅವಳು ಬಾಗಿಲಲ್ಲಿ ನಿಂತು, “ಥ್ಯಾಂಕ್ಯೂ ಫಾರ್ ದ ಡೇಟ್ಸ್, ಅಂಕಲ್,” ಎಂದಳು. ಚೆನ್ನಾಗಿ ಕಲಿಸಿದ ಮಗು. ಇಪ್ಪತ್ತೇಳು ಆಲ್ಬಮ್ಮಿಗೆ ಹಾಕಿದೆಯಾ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ಶಾಲೆ ಹೇಗಿದೆ ಎಂದೆ. “ಫೈನ್,” ಎಂದಳು. ಚಹಾ ಬೇಗ ಮುಗಿಸಬೇಕೆಂದು ಬಿಸಿಯಿರುವಾಗಲೇ ಕುಡಿದು ನಾಲಿಗೆ ಸುಟ್ಟುಕೊಂಡೆ. ಹೊರಡುವಾಗ ಮೂವರೂ ಬಾಗಿಲವರೆಗೆ ಬಂದು ಕಳಿಸಿದರು. ಮೊದಲೆಲ್ಲ ಹೀಗೆ ಕಳಿಸುತ್ತಿರಲಿಲ್ಲ. ಒಳಗಿನಿಂದಲೇ, “ಕದಾ ಎಳಕೋ ತಮ್ಮಾ,” ಎಂದು ಕೂಗುತ್ತಿದ್ದರು, ನಾನು ಎಳೆದುಕೊಂಡು ಹೋಗುತ್ತಿದ್ದೆ.

ಅವರು ನನ್ನನ್ನು ಕ್ಷಮಿಸಿದ್ದರೆಂದೇ ಇವತ್ತಿಗೂ ನಂಬಿದ್ದೇನೆ. ಕ್ಷಮಿಸದವರು ಅಂಥ ಕಪ್ಪು ಕೆಳಗಿಳಿಸುವುದಿಲ್ಲ.

ಆಮೇಲೆ ಇನ್ನೆರಡು ಸಲ ಹೋದೆ, ಬೆಲ್ ಒತ್ತಿಯೇ. ಹೋದ ಹಾಗೆಲ್ಲ ಬಿಸ್ಕತ್ತು ಮೇಲ್ತರದ್ದಾಗುತ್ತ ಹೋಯಿತು. ಕೊನೆಯ ಸಲ ತಟ್ಟೆಯಲ್ಲಿ ಹುರಿದ ಗೋಡಂಬಿ ಬಂತು. ಅದನ್ನು ನೋಡಿದ ಮೇಲೆ ನಾನು ಮತ್ತೆ ಹೋಗಲಿಲ್ಲ.